ಬೆಲೆ ಏರಿದಂತೆ ದನಿಯೂ ಏರೀತೇ?

ಹುಬ್ಬಳ್ಳಿ-ಧಾರವಾಡದ ನಡುವಿನ ಬೈರಿದೇವರಕೊಪ್ಪದಿಂದ ಸೋದರಿಯೊಬ್ಬರು ಉದ್ದನೆಯ ಕಾಗದ ಬರೆದಿದ್ದಾರೆ. ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ ಕುಕ್ಕರು, ಮಿಕ್ಸಿ, ಫ್ರಿಜ್ಜುಗಳ ಮಾತೇ ಹೆಚ್ಚು. ಇವರ ಪ್ರಶ್ನೆ ಮಾತ್ರ ಬೇರೆ. ಅವರ ಮಾತಿನಲ್ಲೇ ಕೇಳಿ:

"ಅಕ್ಕಾವರ, ನಮ್ಮ ಮಗ ಬೆಂಗಳೂರಾಗ ನೌಕರಿ ಮಾಡ್ತಾನ. ದೀಪಾವಳಿಗೆ ಬರೂಮುಂದ ಮನಿಗೆ ಒಂದು ಭಾರೀ ಮ್ಯೂಸಿಕ್ ಸಿಸ್ಟಮ್ ತರತೀನಿ ಅಂದಾನ. ಒಂದೂವರಿ ಲಕ್ಷ ರೂಪಾಯಿ ಅಂತರೀ! ನಮ್ಮ ಅತ್ತಿಯವರಿಗೆ ಎಂಬತ್ತರ ಹತ್ತಿರ ವಯಸ್ಸು. ಗಂಗೂಬಾಯಿ, ಮನ್ಸೂರ ಅಂದ್ರ ಅವರಿಗೆ ಜೀವ. ಈಗ ಹಾಡು ಹಚ್ಚಿದ್ರ 'ಬರೇ ಗುಂಯ್ ಅಂತದ, ಏನೂ ತಿಳಿಯೂದಿಲ್ಲ' ಅಂತಾರ. ಆಯಿ ಸಲುವಾಗಿನ ತರತೀನಿ ಅಂತಾನ ಮಗ. ನಮ್ಮ ಮನಿಯವರು, 'ಮಾಳಗಿ ಸೋರಾಕತ್ತದ, ಮೊದಲ ಅದನ್ನ ಮಾಡಸೂಣು' ಅಂತಾರ. ಬಾಜೂಮನಿಯವರು ಹನ್ನೆರಡು ಸಾವಿರದ್ದು ತಂದಾರ, ನನ್ನ ಕಿವಿಗೆ ಅದೂ ಛಲೋನ ಕೇಳಸ್ತದ. ತಂದೆ-ಮಗನ ನಡುವ ನಾ ಸಿಕ್ಕೊಂಡೇನಿ. ಕೊಟ್ಟ ರೊಕ್ಕಕ್ಕ ತಕ್ಕ ದನಿ ಬರತದೇನ್ರೀ?"

ಸೋದರಿ ಕೇಳಿದ್ದು ಒಂದೇ ಪ್ರಶ್ನೆ. ಆದರೆ ಅದರ ಹೊಟ್ಟೆಯಲ್ಲಿ ಮೂರು ಪ್ರಶ್ನೆಗಳಿವೆ. ದೊಡ್ಡ ಹೆಸರಿನ ಕಂಪನಿಗಳ ಬೆಲೆಯೊಳಗೆ ದನಿಯ ಪಾಲೆಷ್ಟು, ಹೆಸರಿನ ಪಾಲೆಷ್ಟು? ಇದ್ದ ಹಣದಲ್ಲಿ ಒಳ್ಳೆಯ ದನಿ ಪಡೆಯುವುದು ಹೇಗೆ? ಅತ್ತೆಯವರ ತೊಂದರೆಗೆ ಸಿಸ್ಟಮ್ಮು ಮದ್ದೇ? ಒಂದೊಂದಾಗಿ ನೋಡೋಣ.

ಕೇಳುವ ನಾಡು

ನಮ್ಮ ಈ ಸೀಮೆಗೆ ಸಂಗೀತದ ಮಾತನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಗಂಗೂಬಾಯಿ ಹಾನಗಲ್ಲರು ಸವಾಯಿ ಗಂಧರ್ವರಲ್ಲಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದುದು ಎಲ್ಲರಿಗೂ ಗೊತ್ತು. 1930ರ ದಶಕದಲ್ಲಿ ಅವರ ಮೊದಮೊದಲ ತಟ್ಟೆಗಳು 'ಗಾಂಧಾರಿ' ಎಂಬ ಹೆಸರಿನಲ್ಲಿ ಬಂದವು. ಆ ಕಾಲದ 78 ಸುತ್ತಿನ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಗಂಟೆಗಟ್ಟಲೆ ಬೆಳೆಸಬೇಕಾದ ರಾಗವನ್ನು ಮೂರೇ ನಿಮಿಷದಲ್ಲಿ ಹಾಡಿ ಮುಗಿಸಬೇಕು. ಮುಂದೆ 1950ರ ಜನವರಿ 8ರಂದು ಧಾರವಾಡದ ಆಕಾಶವಾಣಿ ಕೇಂದ್ರ ಶುರುವಾಯಿತು. ವಾಲ್ವಿನ ರೇಡಿಯೋ ಕಾಯಲು ಒಂದು ನಿಮಿಷ ಬೇಕು. ಅದು ಕಾದು ದನಿ ಬಂತೆಂದರೆ ಓಣಿಯ ಜನವೆಲ್ಲ ಕಟ್ಟೆಯ ಮೇಲೆ ಕೂತು ಕೇಳಿದ ಕಾಲವದು.

ಹಾಗೆಂದು 'ಹಳೆಯದೇ ಚೆಂದ' ಎಂದು ನಾನು ಹೇಳುವುದಿಲ್ಲ. ಅದು ನಿಜವೂ ಅಲ್ಲ. ಎಳೆಯ, ಆರೋಗ್ಯವಂತ ಕಿವಿ ಸೆಕೆಂಡಿಗೆ 20 ಕಂಪನಗಳ ತಗ್ಗು ದನಿಯಿಂದ ಸುಮಾರು 20,000 ಕಂಪನಗಳ ಏರು ದನಿಯವರೆಗೆ ಕೇಳಬಲ್ಲದು. ಹಳೆಯ ಮಧ್ಯಮ ತರಂಗದ ರೇಡಿಯೋದಲ್ಲಿ ಬರುತ್ತಿದ್ದುದು ಹೆಚ್ಚೆಂದರೆ ಐದು ಸಾವಿರದ ಆಸುಪಾಸಿನವರೆಗೆ. ತಂಬೂರಿಯ ಜೀವಾಳದಿಂದ ಹೊಮ್ಮುವ ನವಿರಾದ ಝೇಂಕಾರ ಅದರಲ್ಲಿ ಅರ್ಧಕ್ಕರ್ಧ ಮಾಯವಾಗುತ್ತಿತ್ತು. ಇಂದು ಸಾಧಾರಣ ಬೆಲೆಯ ಇಯರ್‌ಫೋನಿನಲ್ಲಿಯೂ ಅದು ಕೇಳಿಸುತ್ತದೆ. ಅಂದರೆ, ಅಂದು ಶ್ರೀಮಂತರಿಗೂ ಸಿಗದಿದ್ದ ಸ್ವಚ್ಛ ದನಿ ಇಂದು ಮಧ್ಯಮ ವರ್ಗದ ಕೈಗೆಟಕುವಂತಾಗಿದೆ. ಹಾಗಿದ್ದ ಮೇಲೆ ಲಕ್ಷಗಟ್ಟಲೆ ಕೊಟ್ಟು ಕೊಳ್ಳುವುದರಲ್ಲಿ ಇನ್ನೇನು ಹೆಚ್ಚು ಸಿಗುತ್ತದೆ?

ದನಿಯ ದಾರಿಯಲ್ಲಿ ನಾಲ್ಕು ನಿಲ್ದಾಣ

ಹಾಡು ನಮ್ಮ ಕಿವಿಗೆ ಬರುವ ಮುನ್ನ ನಾಲ್ಕು ಕಡೆ ಹಾದು ಬರುತ್ತದೆ. ಮೊದಲನೆಯದು ಹಾಡು ಇರುವ ಜಾಗ: ತಟ್ಟೆ, ಸಿ.ಡಿ., ಇಲ್ಲವೇ ಫೋನು. ಎರಡನೆಯದು ದನಿಯ ಶಕ್ತಿಯನ್ನು ಹೆಚ್ಚಿಸುವ ಆಂಪ್ಲಿಫೈಯರ್. ಮೂರನೆಯದು ಸ್ಪೀಕರು. ನಾಲ್ಕನೆಯದು ನಾವು ಕೂತಿರುವ ಕೋಣೆ. ಅಂಗಡಿಯವರು ಮೊದಲ ಮೂರನ್ನು ಮಾರುತ್ತಾರೆ. ನಾಲ್ಕನೆಯದನ್ನು ಮಾರಲಾರರು, ಅದಕ್ಕೇ ಅದರ ಮಾತು ಎತ್ತುವುದಿಲ್ಲ!

ಮೊದಲನೆಯದನ್ನು ನೋಡಿ. ಸಿ.ಡಿ. ತಟ್ಟೆ 1982ರಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ಬಂತು. ಅದು ಸೆಕೆಂಡಿಗೆ 44,100 ಸಲ ದನಿಯನ್ನು ಅಳೆದು ಅಂಕೆಗಳಾಗಿ ಬರೆದಿಡುತ್ತದೆ. ಮನುಷ್ಯರ ಕಿವಿಗೆ ಇಷ್ಟು ಸಾಕು ಎಂದು ಲೆಕ್ಕ ಹಾಕಿಯೇ ಮಾಡಿದ್ದು. ಆಮೇಲೆ ಅದಕ್ಕಿಂತ ಸೂಕ್ಷ್ಮವಾದ, ದುಬಾರಿಯಾದ ತಟ್ಟೆಗಳೂ ಬಂದವು. ಅವುಗಳ ದನಿ ನಿಜಕ್ಕೂ ಮೇಲೇ? ಅಮೆರಿಕದ ಬಾಸ್ಟನ್ನಿನಲ್ಲಿ ಮೇಯರ್ ಮತ್ತು ಮೊರಾನ್ ಎಂಬಿಬ್ಬರು ಪರೀಕ್ಷೆ ಮಾಡಿ 2007ರಲ್ಲಿ ಪ್ರಕಟಿಸಿದರು. ದುಬಾರಿ ತಟ್ಟೆಯ ದನಿಯನ್ನು ಒಮ್ಮೆ ನೇರವಾಗಿ, ಒಮ್ಮೆ ಸಿ.ಡಿ. ಮಟ್ಟಕ್ಕೆ ಇಳಿಸಿ ಕೇಳಿಸಿದರು. ಯಾವುದು ಯಾವುದೆಂದು ಕೇಳುವವರಿಗೆ ಗೊತ್ತಿಲ್ಲ. ಒಟ್ಟು 554 ಸಲದ ಪರೀಕ್ಷೆಯಲ್ಲಿ ಸರಿ ಉತ್ತರ ಬಂದದ್ದು ನೂರಕ್ಕೆ 49.8ರಷ್ಟು. ನಾಣ್ಯ ಚಿಮ್ಮಿ ಉತ್ತರ ಹೇಳಿದ್ದರೂ ಅಷ್ಟೇ ಬರುತ್ತಿತ್ತು, ಅಲ್ಲವೇ?

ಎರಡನೆಯದು ಆಂಪ್ಲಿಫೈಯರ್. 1987ರ ಜನವರಿಯಲ್ಲಿ 'ಸ್ಟೀರಿಯೊ ರಿವ್ಯೂ' ಎಂಬ ಅಮೆರಿಕದ ಪತ್ರಿಕೆ ಇಂಥದೇ ಪರೀಕ್ಷೆಯ ಫಲ ಪ್ರಕಟಿಸಿತು. ಸುಮಾರು 220 ಡಾಲರಿನ ಅಗ್ಗದ ಪೆಟ್ಟಿಗೆಯಿಂದ 12,000 ಡಾಲರಿನ ದುಬಾರಿ ಪೆಟ್ಟಿಗೆಯವರೆಗೆ ಹಲವನ್ನು ಒಂದೇ ಮಟ್ಟದ ದನಿಯಲ್ಲಿ ಕೇಳಿಸಿದರು. ಹೆಸರು ಕಾಣದಾಗ ಕೇಳುಗರು ಯಾವುದು ಯಾವುದೆಂದು ಗುರುತಿಸಲಾರದೇ ಹೋದರು. ಅವರಲ್ಲಿ 'ನಮಗೆ ಖಂಡಿತ ಗೊತ್ತಾಗುತ್ತದೆ' ಎಂದು ಬಂದವರೂ ಇದ್ದರು.

ಇನ್ನು ತಂತಿ. ಸ್ಪೀಕರಿಗೆ ಜೋಡಿಸುವ ತಂತಿಯನ್ನು ಬಂಗಾರದ ಬೆಲೆಗೆ ಮಾರುವವರಿದ್ದಾರೆ. ಮನೆಯ ವೈರಿಂಗಿಗೆ ಹಾಕುವ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಐದು ಮೀಟರಿನಷ್ಟು ದೂರಕ್ಕೆ ಧಾರಾಳ ಸಾಕು. ಅದು ಒಡ್ಡುವ ತಡೆ ಎಂಟು ಓಮಿನ ಸ್ಪೀಕರಿನ ತಡೆಯ ನೂರರಲ್ಲಿ ಒಂದು ಪಾಲೂ ಆಗುವುದಿಲ್ಲ. ಇಲ್ಲಿ ಉಳಿಸಿದ ಹಣ ಪೂರ್ತಿ ಉಳಿದಂತೆ.

ಸ್ಪೀಕರಿನಲ್ಲಿ ಉಂಟು ವ್ಯತ್ಯಾಸ

ಹಾಗಾದರೆ ಎಲ್ಲ ಒಂದೇ, ಕಣ್ಣು ಮುಚ್ಚಿ ಅಗ್ಗದ್ದನ್ನು ತನ್ನಿ ಎನ್ನಬಹುದೇ? ಖಂಡಿತ ಬೇಡ. ಸ್ಪೀಕರಿನ ಮಾತು ಬೇರೆ. ಅಲ್ಲಿ ದನಿದನಿಗೆ ಇರುವ ವ್ಯತ್ಯಾಸವನ್ನು ಸಾಮಾನ್ಯರ ಕಿವಿಯೂ ಹಿಡಿಯುತ್ತದೆ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಫ್ಲಾಯ್ಡ್ ಟೂಲ್ ಎಂಬ ವಿಜ್ಞಾನಿ ವರ್ಷಗಟ್ಟಲೆ ಇದನ್ನೇ ಅಭ್ಯಾಸ ಮಾಡಿದರು. ಸ್ಪೀಕರು ಕಣ್ಣಿಗೆ ಕಾಣದಂತೆ ಇಟ್ಟು ಕೇಳಿಸಿದರೆ ಹೆಚ್ಚಿನ ಜನ ಒಂದೇ ಬಗೆಯ ದನಿಯನ್ನು ಮೆಚ್ಚುತ್ತಾರೆ ಎಂಬುದು ಅವರು ಕಂಡುಕೊಂಡದ್ದು. ಯಾವುದದು? ತಗ್ಗು, ನಡು, ಏರು ದನಿಗಳಲ್ಲಿ ಯಾವುದನ್ನೂ ಉಬ್ಬಿಸದೆ, ಯಾವುದನ್ನೂ ಕುಗ್ಗಿಸದೆ, ಹಾಡಿದ್ದನ್ನು ಹಾಡಿದಂತೆಯೇ ಒಪ್ಪಿಸುವ ಸ್ಪೀಕರು. ಸಾರಿಗೆ ಉಪ್ಪು-ಹುಳಿ-ಖಾರ ಹದವಾಗಿರುವಂತೆ ಎನ್ನಿ.

ಆದರೆ ಕಣ್ಣು ಬಿಟ್ಟ ಕೂಡಲೇ ನ್ಯಾಯ ತಪ್ಪುತ್ತದೆ. 1994ರಲ್ಲಿ ಹಾರ್ಮನ್ ಕಂಪನಿಯ ಸಂಶೋಧಕ ಶಾನ್ ಆಲಿವ್ ತಮ್ಮ ಕಂಪನಿಯ ನಲವತ್ತು ಜನ ನೌಕರರಿಗೆ ನಾಲ್ಕು ಸ್ಪೀಕರುಗಳನ್ನು ಎರಡು ರೀತಿ ಕೇಳಿಸಿದರು: ಒಮ್ಮೆ ಪರದೆಯ ಹಿಂದೆ, ಒಮ್ಮೆ ಕಣ್ಣೆದುರು. ಕಣ್ಣಿಗೆ ಕಂಡಾಗ ದೊಡ್ಡ, ದುಬಾರಿ ಸ್ಪೀಕರುಗಳಿಗೆ ಅಂಕ ಏರಿತು, ಚಿಕ್ಕ ಅಗ್ಗದ ಪೆಟ್ಟಿಗೆಗೆ ಅಂಕ ಇಳಿಯಿತು. ಪರದೆ ಬಿದ್ದಾಗ ಆ ಅಂತರ ಬಹಳಷ್ಟು ಕರಗಿಹೋಯಿತು. ದಿನವೂ ಸ್ಪೀಕರಿನ ಉದ್ಯೋಗದಲ್ಲೇ ಇರುವವರ ಕಥೆ ಇದು. ಇನ್ನು ಹೊಳೆಯುವ ದೀಪದ ಕೆಳಗೆ, ತಂಪು ಗಾಳಿಯ ಅಂಗಡಿಯಲ್ಲಿ, ಮೆತ್ತನೆಯ ಸೋಫಾದ ಮೇಲೆ ಕೂತ ನಮ್ಮ-ನಿಮ್ಮ ಪಾಡೇನು ಹೇಳಿ!

ಬೆಲೆಗೂ ದನಿಗೂ ಇರುವ ನಂಟನ್ನು ನೇರವಾಗಿ ಅಳೆದವರೂ ಇದ್ದಾರೆ. 2017ರಲ್ಲಿ ಯೆರೂನ್ ಬ್ರೇಬಾರ್ಟ್ ಎಂಬುವರು 283 ಹೆಡ್‌ಫೋನುಗಳನ್ನು ಅಳತೆ ಮಾಡಿ ನೋಡಿದರು. ತಗ್ಗು-ಏರು ದನಿಗಳನ್ನು ಒಪ್ಪಿಸುವ ರೀತಿಗೂ ಅಂಗಡಿಯ ಬೆಲೆಗೂ ಯಾವ ಸಂಬಂಧವೂ ಕಾಣಲಿಲ್ಲ.

ಅತೃಪ್ತಿಯಿಂದ ಹುಟ್ಟಿದ ಕಂಪನಿ

ಇದೇ ಮಾತಿಗೆ ಒಪ್ಪುವ ನಿಜ ಕಥೆಯೊಂದಿದೆ. ಇಂದು ದುಬಾರಿ ಎಂದು ಹೆಸರಾದ ಬೋಸ್ ಕಂಪನಿಯನ್ನು 1964ರಲ್ಲಿ ಸ್ಥಾಪಿಸಿದ ಅಮರ್ ಬೋಸ್ ನಮ್ಮ ಬಂಗಾಳದ ಮೂಲದವರು. ಅವರ ತಂದೆ ಸ್ವಾತಂತ್ರ್ಯ ಹೋರಾಟದಲ್ಲಿ ತೊಡಗಿ, ಬ್ರಿಟಿಷರಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದವರು. 1956ರಲ್ಲಿ, ಎಂ.ಐ.ಟಿ.ಯಲ್ಲಿ ಓದುತ್ತಿದ್ದಾಗ, ಅಮರ್ ಬೋಸ್ ಒಂದು ಒಳ್ಳೆಯ ಬೆಲೆಯ ಸ್ಟೀರಿಯೊ ಕೊಂಡರು. ಕಾಗದದ ಮೇಲಿನ ಲೆಕ್ಕವೆಲ್ಲ ಸೊಗಸು. ಕೇಳಿದರೆ ಕಚೇರಿಯಲ್ಲಿ ಕೂತು ಕೇಳಿದ ಸುಖವಿಲ್ಲ! ಆ ಅತೃಪ್ತಿಯೇ ಅವರನ್ನು ದನಿಯ ಸಂಶೋಧನೆಗೆ ಎಳೆಯಿತು. ಕಚೇರಿಯಲ್ಲಿ ದನಿಯ ಹೆಚ್ಚು ಪಾಲು ಗೋಡೆಗಳಿಗೆ ತಗುಲಿ ಬರುತ್ತದೆಂದು ಗಮನಿಸಿ, 1968ರಲ್ಲಿ ದನಿಯನ್ನು ಬಹುಪಾಲು ಗೋಡೆಯ ಕಡೆಗೇ ಎಸೆಯುವ '901' ಎಂಬ ಸ್ಪೀಕರನ್ನು ತಂದರು.

ಕೆಲವರು ಅದನ್ನು ತಲೆಯ ಮೇಲೆ ಹೊತ್ತರು. ಆದರೆ 1970ರಲ್ಲಿ ಅಮೆರಿಕದ ಗ್ರಾಹಕರ ಪತ್ರಿಕೆಯೊಂದು, ಅದರಲ್ಲಿ ವಾದ್ಯಗಳ ದನಿ ಕೋಣೆಯ ತುಂಬ ಅಲೆದಾಡಿದಂತೆ ಕೇಳುತ್ತದೆಂದು ಬರೆಯಿತು. ಬೋಸ್ ಕಂಪನಿ ಕೋರ್ಟಿಗೆ ಹೋಯಿತು. ಮೊಕದ್ದಮೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ನಡೆದು, 1984ರಲ್ಲಿ ಪತ್ರಿಕೆಯ ಪರವಾಗಿ ತೀರ್ಪಾಯಿತು. ದೊಡ್ಡ ವಿದ್ವಾಂಸರು ಮನಸ್ಸಿಟ್ಟು ಮಾಡಿದ ಸ್ಪೀಕರಿನ ಬಗೆಗೂ ಕೇಳುಗರಲ್ಲಿ ಎರಡು ಮಾತು ಇದ್ದೇ ಇರುತ್ತದೆ. ಆದ್ದರಿಂದ ಬೇರೆಯವರ ಹೊಗಳಿಕೆ ನಂಬಿ ಹಣ ಎಣಿಸಬೇಡಿ. ನಿಮ್ಮ ಕಿವಿಯಿಂದ ಕೇಳಿ ನೋಡಿ.

ಹೆಸರುಗಳ ವಿಷಯದಲ್ಲಿ ಇನ್ನೂ ಒಂದು ಮಾತು. ಅಂಗಡಿಯ ಕಪಾಟಿನಲ್ಲಿ ಬೇರೆ ಬೇರೆಯಾಗಿ ಕಾಣುವ ಹೆಸರುಗಳೆಲ್ಲ ಬೇರೆ ಮನೆಯವಲ್ಲ. ಜೆ.ಬಿ.ಎಲ್., ಹಾರ್ಮನ್ ಕಾರ್ಡನ್, ಇನ್ಫಿನಿಟಿ, ಎ.ಕೆ.ಜಿ. ಇವೆಲ್ಲ ಒಂದೇ ಮನೆಯವು. ಆ ಮನೆಯನ್ನು 2017ರಲ್ಲಿ ಟಿ.ವಿ. ಮಾಡುವ ಸ್ಯಾಮ್‌ಸಂಗ್ ಕೊಂಡಿತು.

ಹೆಚ್ಚು ಕೊಟ್ಟರೆ ಸಿಗುವುದೇನು?

ದುಬಾರಿಯದೆಲ್ಲ ಮೋಸ ಎಂಬ ತೀರ್ಮಾನಕ್ಕೂ ಬರಬಾರದು. ಹೆಚ್ಚು ಹಣ ಕೊಟ್ಟಾಗ ಕೆಲವು ಸಂಗತಿಗಳು ನಿಜವಾಗಿಯೂ ಸಿಗುತ್ತವೆ. ತಗ್ಗು ದನಿ ಹೊರಡಿಸಲು ಬಹಳ ಗಾಳಿಯನ್ನು ತಳ್ಳಬೇಕು. ಅದಕ್ಕೆ ದೊಡ್ಡ ಸ್ಪೀಕರು, ನಡುಗದ ಗಟ್ಟಿ ಪೆಟ್ಟಿಗೆ ಬೇಕು. ತಬಲಾ ಜೋಡಿಯ ಎಡಗೈ ಡಗ್ಗಾದ ಗುಮುಕು ಮುಷ್ಟಿಯಷ್ಟು ಪೆಟ್ಟಿಗೆಯಲ್ಲಿ ಬರಲಾರದು. ದೊಡ್ಡ ಪಡಸಾಲೆಯಲ್ಲಿ ಜೋರಾಗಿ ಹಚ್ಚಿದಾಗ ಸಣ್ಣ ಸೆಟ್ಟು ಒಡಕು ದನಿ ಮಾಡುತ್ತದೆ, ಒಳ್ಳೆಯದು ಮಾಡುವುದಿಲ್ಲ. ಮರದ ಕೆಲಸ, ಅಂದಚೆಂದ, ಬಾಳಿಕೆ ಇವೂ ಸುಮ್ಮನೆ ಬರುವುದಿಲ್ಲ.

ಆದರೆ ಏಣಿಯ ಮೊದಲ ಮೆಟ್ಟಿಲುಗಳು ದೊಡ್ಡವು, ಮೇಲಿನವು ಬಲು ಸಣ್ಣವು. ಎರಡು ಸಾವಿರದ ಪೆಟ್ಟಿಗೆಗೂ ಹದಿನೈದು ಸಾವಿರದ ಒಳ್ಳೆಯ ಜೋಡಿ ಸ್ಪೀಕರಿಗೂ ಇರುವ ಅಂತರ ಮಕ್ಕಳಿಗೂ ತಿಳಿಯುತ್ತದೆ. ಐವತ್ತು ಸಾವಿರದ್ದಕ್ಕೂ ಒಂದೂವರೆ ಲಕ್ಷದ್ದಕ್ಕೂ ಇರುವ ಅಂತರ ತಿಳಿಯಬೇಕಾದರೆ ಶಾಂತವಾದ ಕೋಣೆ, ಪಳಗಿದ ಕಿವಿ ಬೇಕು. ಇಳಕಲ್ಲ ಸೀರೆಯಲ್ಲಿ ನೂಲಿನಿಂದ ರೇಷ್ಮೆಗೆ ಹೋದಾಗ ಮೈಗೆ ಬೇರೆ ಸುಖ ತಿಳಿಯುತ್ತದೆ. ರೇಷ್ಮೆಯ ಮೇಲೆ ಇನ್ನಷ್ಟು ಜರಿ ಏರಿಸಿದರೆ ಬೆಲೆ ಏರುತ್ತದೆ, ನೋಡುವವರ ಕಣ್ಣು ಅರಳುತ್ತದೆ. ಉಟ್ಟವಳ ಮೈಗೆ ಅದೇ ಸೀರೆ.

ಬಾಳಿಕೆಯ ಮಾತಿನಲ್ಲೂ ಎಚ್ಚರ ಬೇಕು. ಈಗಿನ ಅನೇಕ ದುಬಾರಿ ಸ್ಪೀಕರುಗಳು ಫೋನಿನ ಆ್ಯಪ್ ಇಲ್ಲದೆ ನಡೆಯುವುದಿಲ್ಲ. 2024ರ ಮೇ ತಿಂಗಳಲ್ಲಿ ಅಮೆರಿಕದ ಸೋನೋಸ್ ಕಂಪನಿ ತನ್ನ ಆ್ಯಪ್ ಬದಲಿಸಿದಾಗ ಗಿರಾಕಿಗಳ ಸೆಟ್ಟುಗಳು ಮೊದಲಿನಂತೆ ನಡೆಯದೆ ದೊಡ್ಡ ಗಲಾಟೆಯಾಯಿತು. 2025ರ ಜನವರಿಯಲ್ಲಿ ಕಂಪನಿಯ ಮುಖ್ಯಸ್ಥರು ಅಧಿಕಾರ ಬಿಟ್ಟರು. ನೀವು ಕೊಳ್ಳುವ ಪೆಟ್ಟಿಗೆಗೆ ಆ್ಯಪ್ ಇಲ್ಲದೆಯೂ ತಂತಿ ಸಿಗಿಸಿ ಹಾಡು ಕೇಳುವ ದಾರಿ ಇದೆಯೇ ಎಂದು ಕೇಳಿ ನೋಡಿ. ಕೆಟ್ಟರೆ ಹುಬ್ಬಳ್ಳಿಯಲ್ಲಿಯೇ ರಿಪೇರಿಯಾಗುತ್ತದೆಯೇ, ಮುಂಬಯಿಗೆ ಕಳಿಸಬೇಕೇ ಎಂಬುದನ್ನೂ ಬಿಲ್ಲು ಬರೆಸುವ ಮುನ್ನವೇ ಕೇಳಿ.

ಕೋಣೆಗೊಂದು ಜಮಖಾನೆ

ಈಗ ಅಂಗಡಿಯವರು ಹೇಳದ ನಾಲ್ಕನೆಯ ಮಾತು. ರೊಟ್ಟಿ ಬಡಿಯುವವರಿಗೆ ಗೊತ್ತು: ಹಿಟ್ಟಿಗೆ ಜಿಗುಟಿಲ್ಲದಿದ್ದರೆ ಹಂಚು ಬೆಳ್ಳಿಯದಾದರೂ ರೊಟ್ಟಿ ಹರಿಯುತ್ತದೆ. ಹಾಗೆಯೇ ಕೋಣೆ ಕೆಟ್ಟದಾಗಿದ್ದರೆ ಎಂಥ ಸ್ಪೀಕರೂ ಸೋಲುತ್ತದೆ. ನಮ್ಮ ಕಡೆಯ ಮನೆಗಳಲ್ಲಿ ನೆಲಕ್ಕೆ ಶಹಾಬಾದ ಕಲ್ಲು ಇಲ್ಲವೇ ಟೈಲ್ಸ್, ಸುತ್ತ ಸಿಮೆಂಟಿನ ಗೋಡೆ, ಮೇಲೆ ಆರ್.ಸಿ.ಸಿ. ಎಲ್ಲ ಗಟ್ಟಿ. ದನಿ ಚೆಂಡಿನಂತೆ ಪುಟಿದು ಪುಟಿದು ಒಂದರ ಮೇಲೊಂದು ಬೀಳುತ್ತದೆ. ಹಾಡಿನ ಮಾತು ಅಸ್ಪಷ್ಟವಾಗಿ, 'ಗುಂಯ್' ಎನ್ನುವುದಕ್ಕೆ ಇದೂ ಒಂದು ಕಾರಣ.

ಪರೀಕ್ಷೆ ಸುಲಭ. ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಹಿಂದೆಯೇ 'ಟ್ರಿಂಗ್' ಎಂದು ಅನುರಣನ ಉಳಿದರೆ ಕೋಣೆ ಬರಿದಾಗಿದೆ ಎಂದರ್ಥ. ಮಾಡಬೇಕಾದ್ದಿಷ್ಟು: ಸ್ಪೀಕರಿನ ಮುಂದೆ ನೆಲದ ಮೇಲೆ ದಪ್ಪನೆಯ ಜಮಖಾನೆ ಹಾಸಿ. ನವಲಗುಂದದ ಜಮಖಾನೆಯಿದ್ದರಂತೂ ಅಂದಕ್ಕೆ ಅಂದ, ಕೆಲಸಕ್ಕೆ ಕೆಲಸ. ಕಿಟಕಿಗೆ ದಪ್ಪ ಪರದೆ ಬಿಡಿ. ಎದುರಿನ ಬರಿಗೋಡೆಯ ಮೇಲೆ, ಅಟ್ಟದಲ್ಲಿಟ್ಟ ಅಜ್ಜಿಯ ಕೈಹೊಲಿಗೆಯ ಕೌದಿಯನ್ನು ತೂಗುಹಾಕಿ. ಪುಸ್ತಕದ ಕಪಾಟಿದ್ದರೆ ಅದನ್ನೂ ಅಲ್ಲಿಗೆ ಸರಿಸಿ. ಮತ್ತೆ ಚಪ್ಪಾಳೆ ತಟ್ಟಿ ನೋಡಿ, ವ್ಯತ್ಯಾಸ ನಿಮಗೇ ತಿಳಿಯುತ್ತದೆ.

ಸ್ಪೀಕರನ್ನು ಮೂಲೆಗೆ ಒತ್ತಿ ಇಡಬಾರದು. ಮೂಲೆಯಲ್ಲಿ ತಗ್ಗು ದನಿ ಉಬ್ಬಿ ಹಾಡುವವರ ಮಾತನ್ನು ನುಂಗುತ್ತದೆ. ಗೋಡೆಯಿಂದ ಒಂದೆರಡು ಅಡಿ ಮುಂದಕ್ಕೆ, ಕೂತವರ ಕಿವಿಯ ಎತ್ತರಕ್ಕೆ ಇರಲಿ. ಎರಡು ಸ್ಪೀಕರಿದ್ದರೆ ಅವೆರಡೂ, ಕೇಳುವವರೂ ಸೇರಿ ಸಮನಾದ ಮುಕ್ಕೋಣವಾಗಬೇಕು. ಟಿ.ವಿ.ಯ ಹಿಂದೆ, ಶೋಕೇಸಿನ ಒಳಗೆ, ಕಪಾಟಿನ ನೆತ್ತಿಯ ಮೇಲೆ ಸ್ಪೀಕರು ಇಡುವವರೇ ಹೆಚ್ಚು. ಆಮೇಲೆ ಕಂಪನಿಯನ್ನು ಬೈಯುತ್ತಾರೆ.

ಬೈರಿದೇವರಕೊಪ್ಪದ ಸೋದರಿಗೆ ಇನ್ನೊಂದು ಮಾತು. ನಿಮ್ಮ ಮನೆ ಪಿ.ಬಿ. ರಸ್ತೆಗೆ ಹತ್ತಿರವಿದ್ದರೆ ಹಗಲೆಲ್ಲ ಬಸ್ಸು-ಲಾರಿಗಳ ಸದ್ದು ಇದ್ದೇ ಇರುತ್ತದೆ. ದುಬಾರಿ ಸೆಟ್ಟು ಒಪ್ಪಿಸುವ ಸೂಕ್ಷ್ಮವೆಲ್ಲ ಆ ಸದ್ದಿನಲ್ಲಿ ಮುಳುಗುತ್ತದೆ. ಕಿಟಕಿಯ ಸಂದಿಗಳಿಗೆ ರಬ್ಬರು ಪಟ್ಟಿ ಅಂಟಿಸುವ ಖರ್ಚು ಮೊದಲು ಮಾಡಿ.

ಆಯಿಯ ಕಿವಿ

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ ವಿಷಯ. 'ಬರೇ ಗುಂಯ್ ಅಂತದ, ತಿಳಿಯೂದಿಲ್ಲ' ಎಂಬ ಅತ್ತೆಯವರ ಮಾತನ್ನು ಇನ್ನೊಮ್ಮೆ ಓದಿ. ದನಿ ಕೇಳುವುದಿಲ್ಲ ಎಂದು ಅವರು ಹೇಳುತ್ತಿಲ್ಲ. ಕೇಳುತ್ತದೆ, ಆದರೆ ಬಿಡಿಸಿಕೊಳ್ಳಲಾಗುತ್ತಿಲ್ಲ. ವಯಸ್ಸಾದಂತೆ ಒಳಗಿವಿಯ ಸೂಕ್ಷ್ಮ ಕೋಶಗಳು ಸವೆಯುತ್ತವೆ. ಅದರಲ್ಲೂ ಏರು ದನಿ ಹಿಡಿಯುವವು ಮೊದಲು ಸವೆಯುತ್ತವೆ. ಮಾತಿನಲ್ಲಿ ಅ, ಆ, ಓ ಎಂಬ ಸ್ವರಗಳು ತಗ್ಗು ದನಿಯವು, ಅವು ಉಳಿಯುತ್ತವೆ. ಸ, ಶ, ತ, ಕ, ಪ ಇಂಥ ವ್ಯಂಜನಗಳು ತಪ್ಪಿಹೋಗುತ್ತವೆ. ಆಗ ಮಾತು ಕೇಳಿಸುತ್ತದೆ, ಅರ್ಥ ಆಗುವುದಿಲ್ಲ. ದನಿ ಜೋರು ಮಾಡಿದರೆ 'ಅಯ್ಯೋ, ಕಿವಿ ಒಡೀತದ' ಎನ್ನುತ್ತಾರೆ. ಮನೆಯವರು 'ಮೊದಲು ಕೇಳಲ್ಲ ಅಂದ್ರು, ಈಗ ಜೋರಾಯ್ತು ಅಂತಾರೆ' ಎಂದು ಸಿಡಿಮಿಡಿಗೊಳ್ಳುತ್ತಾರೆ. ತಪ್ಪು ಯಾರದೂ ಅಲ್ಲ. ಆ ಸವೆತದ ಗುಣವೇ ಹಾಗೆ.

ಇಂಥ ಕಿವಿಗೆ ಒಂದೂವರೆ ಲಕ್ಷದ ಸ್ಪೀಕರಿನ ಹೆಚ್ಚುಗಾರಿಕೆ ತಲುಪುವುದೇ ಇಲ್ಲ. ಅದು ಚೆನ್ನಾಗಿ ಒಪ್ಪಿಸುವ ಏರು ದನಿಗಳೇ ಅವರಿಗೆ ಕೇಳಿಸದವು. ಆದ್ದರಿಂದ ಮೊದಲ ಖರ್ಚು ಕಿವಿಯ ಪರೀಕ್ಷೆಗೆ. ಕೆಲವೊಮ್ಮೆ ಗುಗ್ಗೆ ಗಟ್ಟಿಯಾಗಿ ಕೂತಿರುತ್ತದೆ. ವೈದ್ಯರು ತೆಗೆದರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯಬಹುದು. ಮನೆಯಲ್ಲಿ ಬಿಸಿ ಎಣ್ಣೆ ಬಿಡುವುದು, ಕಡ್ಡಿ-ಪಿನ್ನು ಹಾಕುವುದು ಮಾಡಬೇಡಿ. ಹುಬ್ಬಳ್ಳಿಯ ಕೆ.ಎಂ.ಸಿ.ಆರ್.ಐ. (ಹಿಂದಿನ ಕಿಮ್ಸ್) ಆಸ್ಪತ್ರೆಯಲ್ಲಿ ಕಿವಿ-ಮೂಗು-ಗಂಟಲಿನ ವಿಭಾಗವಿದೆ. ಧಾರವಾಡದಲ್ಲಿ ಜೆ.ಎಸ್.ಎಸ್. ವಾಕ್ ಮತ್ತು ಶ್ರವಣ ಸಂಸ್ಥೆಯಿದೆ. ಚಿಗರಿ ಬಸ್ಸು ಹತ್ತಿದರೆ ಎರಡೂ ಊರಿಗೆ ನಿಮಗೆ ಹತ್ತಿರದ ದಾರಿ. ಅಲ್ಲಿ ಯಾವ ದನಿ ಎಷ್ಟು ಕಡಿಮೆಯಾಗಿದೆ ಎಂದು ಅಳೆದು ಚಿತ್ರ ಬರೆದುಕೊಡುತ್ತಾರೆ. ಶ್ರವಣ ಸಾಧನ ಬೇಕೆಂದರೆ ಯಾವ ದನಿ ಕಡಿಮೆಯೋ ಅದನ್ನಷ್ಟೇ ಏರಿಸುವಂತೆ ಹೊಂದಿಸಬಹುದು. ಈ ಕೆಲಸ ಯಾವ ಸ್ಪೀಕರೂ ಮಾಡಲಾರದು.

ಒಂದು ಕಿವಿಮಾತು: ಶ್ರವಣ ಸಾಧನಗಳನ್ನು ಸಾಮಾನ್ಯವಾಗಿ ಮಾತು ಕೇಳುವುದಕ್ಕೆ ಹೊಂದಿಸಿರುತ್ತಾರೆ. ತಂಬೂರಿಯ ನಾದವನ್ನು ಅದು ಬೇಡದ ಸದ್ದೆಂದು ಅಳಿಸಿಬಿಡಬಹುದು! 'ನಮ್ಮ ಅತ್ತೆಯವರಿಗೆ ಸಂಗೀತ ಕೇಳಬೇಕು' ಎಂದು ಮೊದಲೇ ಹೇಳಿ. ಸಂಗೀತಕ್ಕೆ ಬೇರೆಯೇ ಹೊಂದಾಣಿಕೆ ಇರುವ ಸಾಧನಗಳಿವೆ.

ಆದಾಯ ತೀರ ಕಡಿಮೆಯಿರುವ ಹಿರಿಯರಿಗೆ 2017ರಲ್ಲಿ ಶುರುವಾದ ಕೇಂದ್ರ ಸರಕಾರದ ವಯೋಶ್ರೀ ಯೋಜನೆಯಲ್ಲಿ ಇಂಥ ಸಾಧನ ಕೊಡುವ ಏರ್ಪಾಡಿದೆ. ಅಕ್ಕಪಕ್ಕದಲ್ಲಿ ಅಗತ್ಯವಿದ್ದವರಿಗೆ ತಿಳಿಸಿ. ಕಿವಿ ಮಂದವಾದವರು ನಾಲ್ಕು ಜನರ ಮಾತಿನಿಂದ ದೂರ ಸರಿದು ಒಂಟಿಯಾಗುತ್ತಾರೆ. ಮರೆವಿನ ರೋಗಕ್ಕೆ ತಡೆಯಬಹುದಾದ ಕಾರಣಗಳಲ್ಲಿ ಕಿವುಡುತನವೂ ಒಂದೆಂದು 2020ರ ಲ್ಯಾನ್ಸೆಟ್ ಆಯೋಗದ ವರದಿ ಹೇಳಿದೆ. ಇದನ್ನು 'ವಯಸ್ಸಾತು, ಇರೂದ' ಎಂದು ಬಿಡುವಂತಿಲ್ಲ.

ಹಣದ ಹಂಚಿಕೆ

ಸೋದರೀ, ನಿಮ್ಮ ಮಗನ ಮನಸ್ಸನ್ನು ನೋಯಿಸಬೇಡಿ. ಆಯಿಗಾಗಿ ಖರ್ಚು ಮಾಡುತ್ತೇನೆನ್ನುವ ಮೊಮ್ಮಗ ಎಲ್ಲರಿಗೂ ಸಿಗುವುದಿಲ್ಲ. 'ಬ್ಯಾಡ' ಎನ್ನುವ ಬದಲು 'ಹಿಂಗ ಮಾಡೂಣಪಾ' ಎನ್ನಿ. ಮೊದಲು ಆಯಿಯ ಕಿವಿ ಪರೀಕ್ಷೆ, ಬೇಕಿದ್ದರೆ ಸಾಧನ. ಎರಡನೆಯದು ಮಾಳಿಗೆ. ಈ ಮಾತಿನಲ್ಲಿ ನಿಮ್ಮ ಯಜಮಾನರು ಹೇಳುವುದು ಸರಿ, ಮಗನ ಕಡೆಯಿಂದ ನೋಡಿದರೂ ಸರಿ: ಸೋರುವ, ಹಸಿ ಹಿಡಿದ ಕೋಣೆಯಲ್ಲಿ ಎಂಥ ಸೆಟ್ಟೂ ಬಾಳುವುದಿಲ್ಲ. ಮೂರನೆಯದು ಹದಿನೈದರಿಂದ ಇಪ್ಪತ್ತೈದು ಸಾವಿರದೊಳಗಿನ ಒಂದು ಜೋಡಿ ಒಳ್ಳೆಯ ಸ್ಪೀಕರು. ಅವರ ಇಷ್ಟದ ಗಂಗೂಬಾಯಿ, ಮಲ್ಲಿಕಾರ್ಜುನ ಮನ್ಸೂರರ ಹಳೆಯ ಧ್ವನಿಮುದ್ರಣಗಳಲ್ಲಿ ಬಹುಪಾಲು ಒಂದೇ ಕಡೆಯಿಂದ ಬರುವ ಮೋನೋ ದನಿಯವು. ಅದರಲ್ಲಿ ಇಲ್ಲದ ದನಿಯನ್ನು ಯಾವ ದುಬಾರಿ ಪೆಟ್ಟಿಗೆಯೂ ಹೊರಡಿಸಲಾರದು. ಹಳೆಯ ತಟ್ಟೆಯ 'ಸರ್‌ಸರ್' ಸದ್ದನ್ನು ಮಾತ್ರ ಚೊಕ್ಕವಾಗಿ ಕೇಳಿಸೀತು! ಒಂದು ಸ್ಪೀಕರು ಅತ್ತೆಯವರ ಕುರ್ಚಿಗೆ ಮೂರು-ನಾಲ್ಕು ಅಡಿ ಹತ್ತಿರವಿರಲಿ. ದೂರದಿಂದ ಜೋರಾಗಿ ಹಚ್ಚುವುದಕ್ಕಿಂತ ಹತ್ತಿರದಿಂದ ಮೆಲ್ಲಗೆ ಹಚ್ಚಿದರೆ ಹಾಡು ಬಿಡಿಬಿಡಿಯಾಗಿ ತಿಳಿಯುತ್ತದೆ. ಆಯಿ ಕೇಳಬೇಕೆನ್ನುವ ರಾಗಗಳನ್ನು ಹುಡುಕಿ ಒಂದು ಕಡೆ ಜೋಡಿಸಿಕೊಡುವ ಕೆಲಸ ಮೊಮ್ಮಗನದು. ಅದಕ್ಕೆ ಒಂದು ರಜೆಯ ದಿನ ಅವರ ಪಕ್ಕದಲ್ಲಿ ಕೂರಬೇಕಾಗುತ್ತದೆ.

ಅಂಗಡಿಗೆ ಹೋಗುವ ಮುನ್ನ ನೆನಪಿಡಿ

1. ಕೊಪ್ಪೀಕರ ರಸ್ತೆಯ ಅಂಗಡಿಯಾಗಲಿ, ಬೆಂಗಳೂರಿನ ಶೋರೂಮಾಗಲಿ, ನಿಮಗೆ ಚೆನ್ನಾಗಿ ಪರಿಚಯವಿರುವ ಮೂರು ಹಾಡುಗಳನ್ನು ನೀವೇ ಒಯ್ಯಿರಿ. ಅವರು ಹಚ್ಚುವ ಹಾಡು ಅವರ ಸೆಟ್ಟಿಗೆ ಹೊಂದುವಂಥದೇ ಆಗಿರುತ್ತದೆ. ಮೂರರಲ್ಲಿ ಒಂದು ಬರೀ ಗಾಯನ, ಒಂದು ತಬಲಾ ಇರುವಂಥದು, ಒಂದು ಮಾತು.

2. ಎರಡು ಸೆಟ್ಟುಗಳನ್ನು ಹೋಲಿಸುವಾಗ ಎರಡರ ದನಿಯ ಮಟ್ಟ ಒಂದೇ ಇರಲಿ. ಸ್ವಲ್ಪವೇ ಜೋರಾದದ್ದು ಹೆಚ್ಚು ಚೆನ್ನಾಗಿದೆ ಎನಿಸುವುದು ಕಿವಿಯ ಸ್ವಭಾವ.

3. ಪೆಟ್ಟಿಗೆಯ ಮೇಲೆ 'ಪಿ.ಎಂ.ಪಿ.ಓ.' ಎಂದು ಸಾವಿರಾರು ವ್ಯಾಟ್ ಬರೆದಿದ್ದರೆ ನಂಬಬೇಡಿ. 'ಆರ್.ಎಂ.ಎಸ್.' ವ್ಯಾಟ್ ಎಷ್ಟೆಂದು ಕೇಳಿ. ಅದರಲ್ಲೂ, ಹತ್ತು ಪಟ್ಟು ವ್ಯಾಟ್ ಹಾಕಿದರೆ ಕಿವಿಗೆ ದನಿ ಎರಡು ಪಟ್ಟು ಮಾತ್ರ ಜೋರೆನಿಸುತ್ತದೆ. ಮನೆಯ ಪಡಸಾಲೆಗೆ 20ರಿಂದ 50 ವ್ಯಾಟ್ ಬೇಕಾದಷ್ಟಾಯಿತು.

4. ಸಾಧ್ಯವಾದರೆ ಕಣ್ಣು ಮುಚ್ಚಿ ಪರೀಕ್ಷೆ ಮಾಡಿ. ಜೊತೆಗೆ ಬಂದ ಮಗಳು ಹತ್ತು ಸಲ ತನಗೆ ತೋಚಿದಂತೆ ಸೆಟ್ಟು ಬದಲಿಸಲಿ, ಯಾವುದೆಂದು ನೀವು ಹೇಳಿ. ಐದು ಸರಿಯಾದರೆ ಅದು ಬರೀ ಊಹೆ. ಒಂಬತ್ತು ಸರಿಯಾದರೆ ನಿಮ್ಮ ಕಿವಿ ನಿಜವಾಗಿ ವ್ಯತ್ಯಾಸ ಹಿಡಿದಿದೆ. ಊಹೆಯಿಂದಲೇ ಒಂಬತ್ತು ಅಥವಾ ಹತ್ತು ಸರಿಯಾಗುವ ಸಂಭವ ನೂರರಲ್ಲಿ ಒಂದರಷ್ಟು.

5. ಇರುವ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸ್ಪೀಕರಿಗೆ ಹೋಗಲಿ. ಎಲ್ಲಕ್ಕಿಂತ ಕಡಿಮೆ, ತಂತಿಗೆ.

6. ಜೋರಿಗೂ ಮಿತಿಯಿರಲಿ. ದೊಡ್ಡವರಿಗೆ 80 ಡೆಸಿಬೆಲ್ ಮಟ್ಟದ ದನಿ ವಾರಕ್ಕೆ 40 ಗಂಟೆ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳಿಗೆ ಇನ್ನೂ ಕಡಿಮೆ. ಪಕ್ಕದಲ್ಲಿ ಕೂತವರ ಜೊತೆ ದನಿ ಏರಿಸಿ ಮಾತನಾಡಬೇಕಾಗಿ ಬಂದರೆ ಹಾಡು ಜೋರಾಗಿದೆ ಎಂದು ತಿಳಿಯಿರಿ.

7. ಬಿಲ್ಲು, ಗ್ಯಾರಂಟಿ ಕಾಗದ, ಖಾಲಿ ಡಬ್ಬಿ ಮೂರನ್ನೂ ಒಂದು ವರ್ಷ ಜೋಪಾನವಾಗಿಡಿ. ಮನೆಯಲ್ಲಿ ಹಚ್ಚಿ ನೋಡಿ ಹಿಡಿಸದಿದ್ದರೆ ವಾರದೊಳಗೆ ಹಿಂದಿರುಗಿಸುವ ಸೌಕರ್ಯವಿದೆಯೇ ಎಂದು ಕೇಳಿ, ಇದ್ದರೆ ಅದನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.